ಮರಗಳ ಲೆಕ್ಕ ಮೊದಲು ಸರಿಹೋಗಲಿ



ಲಾರಿಗಳನ್ನು ನಗರದಿಂದ ಆಚೆ ಸಾಗಿಸಬೇಕಾದ ಪೆರಿಫೆರಲ್ ರಿಂಗ್ ರಸ್ತೆಗೆ ಈಗ ‘ಬೆಂಗಳೂರು ಬಿಸಿನೆಸ್ ಕಾರಿಡಾರ್’ ಎಂಬ ಹೊಸ ಹೆಸರು. ಹೆಸರೇನೋ ಸರಿ, ಹಳೆಯ ಕಡತವನ್ನು ಮರೆಯುವಂತಿಲ್ಲ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಪರಿಸರ ಅನುಮತಿಯ ಮೊದಲ ಅರ್ಜಿಯಲ್ಲಿ ಕಡಿಯಬೇಕೆಂದು ತೋರಿಸಿದ್ದು 200ರಿಂದ 500 ಮರ. ಆಮೇಲೆ ಅದು 16 ಸಾವಿರ ದಾಟಿತು! 2014ರ ಪರಿಸರ ಅನುಮತಿಗೆ ಆಧಾರವಾದ ಮಾಹಿತಿಯೂ ಹಳಸಲು. ಹೊಸದಾಗಿ ಪರಿಸರ ಪರಿಣಾಮ ಅಧ್ಯಯನ ಮಾಡಿ ಎಂದು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ಹೇಳಬೇಕಾಯಿತು. ಜಾರಕಬಂಡೆ ಕಾಡಿನ ಅಂಚು, ತಿಪ್ಪಗೊಂಡನಹಳ್ಳಿ ಜಲಾನಯನ ಎರಡೂ ಈ ಹಾದಿಯಲ್ಲಿವೆ.

ಇಂಥ ಅಧ್ಯಯನದ ವರದಿಯ ಮೇಲೆ ಜನರ ಅಹವಾಲು ಸಭೆಯೆಂದರೆ ಶಾಮಿಯಾನ, ದಪ್ಪ ಇಂಗ್ಲಿಷ್ ವರದಿ, ಬಿಸಿ ಕಾಫಿ ಅಷ್ಟೇ ಆಗಬಾರದು. ಸಾರಾಂಶವಲ್ಲ, ಪೂರ್ತಿ ವರದಿಯೇ ಕನ್ನಡದಲ್ಲಿ, ಸರ್ವೆ ನಂಬರ್‌ವಾರು ಮರಗಳ ಪಟ್ಟಿಯೊಂದಿಗೆ, ಪಂಚಾಯಿತಿ ಕಚೇರಿಗಳಲ್ಲಿ ಸಿಗಲಿ.

– ಒಬ್ಬ ಓದುಗ, ಯಲಹಂಕ