ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ... ಆದರೆ ಯಾರು?

ಮೈಸೂರಿನ ಸಿಟಿ ಬಸ್ಸಿನಲ್ಲಿ ದಿನಕ್ಕೆ ನೂರು ಸಲ ಕಿವಿಗೆ ಬೀಳುವ ಮಾತೊಂದಿದೆ: "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್." ಇಬ್ಬರ ಸೀಟಿಗೆ ಮೂರನೆಯವರು, ಮೂವರ ಸೀಟಿಗೆ ನಾಲ್ಕನೆಯವರು ಬಂದು ಹೇಳುವ ಮಾತು ಇದು. ಕೂತವರು ಒಮ್ಮೆ ಕಣ್ಣೆತ್ತಿ ನೋಡುತ್ತಾರೆ, ಕೊಂಚ ಗೊಣಗುತ್ತಾರೆ, ಕಡೆಗೆ ಕಿಟಕಿ ಕಡೆ ಒತ್ತರಿಸಿಕೊಂಡು ಜಾಗ ಬಿಡುತ್ತಾರೆ. ಅರ್ಧ ಸೀಟು ಸಿಕ್ಕವರು ಮುಂದಿನ ಸ್ಟಾಪ್ ಬರುವಷ್ಟರಲ್ಲಿ ತಮ್ಮ ಊರು, ಕೆಲಸ, ಮಗಳ ಮದುವೆ ಎಲ್ಲ ಹೇಳಿ ಮುಗಿಸಿರುತ್ತಾರೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಆ ಮಾತು ಹೇಳುವವರು ಆಗ ತಾನೇ ಹತ್ತಿದವರು. ಸರಿದು ಕೂರಬೇಕಾದವರು ಮೊದಲೇ ಕೂತವರು.

ಬಸ್ಸಿನಲ್ಲಿ ಇಷ್ಟು ಸಲೀಸಾಗಿ ನಡೆಯುವ ಈ ನ್ಯಾಯ ಬಸ್ಸಿಳಿದ ಕೂಡಲೇ ತಲೆಕೆಳಗಾಗುತ್ತದೆ. ದೂರದ ದೇಶದಿಂದ ಓದಲಿಕ್ಕೋ, ಯೋಗ ಕಲಿಯಲಿಕ್ಕೋ ಬಂದು ಊರಿನಲ್ಲಿ ಮನೆ ಮಾಡಿದವರಿಗೆ ಸಿಗುವ ಉತ್ತರವೇ ಬೇರೆ. "ಬಂದವರು ನೀವು, ನೀವೇ ಅಡ್ಜಸ್ಟ್ ಮಾಡ್ಕೊಳ್ಳಿ!" ಕೂತವರು ಒಂದಂಗುಲವೂ ಅಲುಗುವುದಿಲ್ಲ. ಇದು ಯಾವ ನ್ಯಾಯ?

ಮೈಸೂರಿಗೆ ಪರದೇಶದವರು ಹೊಸಬರೇನಲ್ಲ. ಕೆ. ಪಟ್ಟಾಭಿ ಜೋಯಿಸರು ಲಕ್ಷ್ಮೀಪುರಂನಲ್ಲಿ ಅಷ್ಟಾಂಗ ಯೋಗ ಹೇಳಿಕೊಡುತ್ತಿದ್ದ ಕಾಲಕ್ಕೇ, 1960 ಮತ್ತು 70ರ ದಶಕಗಳಲ್ಲೇ, ಯೂರೋಪು ಅಮೆರಿಕಗಳಿಂದ ಶಿಷ್ಯರು ಬರತೊಡಗಿದ್ದರು. ಆಮೇಲೆ ಯೋಗಶಾಲೆ ಗೋಕುಲಂಗೆ ಬಂತು. ಜೋಯಿಸರು 2009ರಲ್ಲಿ ತೀರಿಕೊಂಡರೂ ಬರುವವರ ಸಾಲು ನಿಂತಿಲ್ಲ. ಬೆಳಿಗ್ಗೆ ಅಭ್ಯಾಸ ಮುಗಿಸಿ ಎಳನೀರು ಗಾಡಿ ಸುತ್ತ ನಿಂತ ಪರದೇಶದವರನ್ನು ಗೋಕುಲಂನವರು ಈಗ ತಿರುಗಿಯೂ ನೋಡುವುದಿಲ್ಲ. ಅತ್ತ 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಆಫ್ರಿಕಾದಿಂದ, ಪಶ್ಚಿಮ ಏಷ್ಯಾದಿಂದ, ಆಫ್ಘಾನಿಸ್ತಾನದಿಂದ ಹುಡುಗ ಹುಡುಗಿಯರು ಓದಲು ಬಂದಿದ್ದಾರೆ. ಇವರೆಲ್ಲ ಅರಮನೆ ನೋಡಿ ಸಂಜೆ ರೈಲಿಗೆ ಹೋಗುವವರಲ್ಲ. ಇಲ್ಲೇ ಅಕ್ಕಿ ಕೊಳ್ಳುವವರು, ಬಾಡಿಗೆ ಕಟ್ಟುವವರು, ಬಸ್ಸಿಗೆ ಕಾಯುವವರು.

ಹೇಳದೇ ಉಳಿದ ನಿಯಮಗಳು

ಹೊಸಬರಿಗೆ ಇಲ್ಲಿನ ಬಿಸಿಲು, ಖಾರ, ಸೊಳ್ಳೆ ಇವೇ ಕಷ್ಟ ಎಂದು ಊರಿನವರು ತಿಳಿದಿದ್ದಾರೆ. ಅದೆಲ್ಲ ಹದಿನೈದು ದಿನದ ಮಾತು. ನಿಜವಾದ ತೊಡಕಿರುವುದು ಯಾರೂ ಬರೆದಿಡದ, ಯಾರೂ ಬಾಯಿಬಿಟ್ಟು ಹೇಳದ ಸಣ್ಣಪುಟ್ಟ ನಿಯಮಗಳಲ್ಲಿ.

ಅಂಗಡಿಯವರು ತಲೆಯನ್ನು ಆಚೀಚೆ ಆಡಿಸುತ್ತಾರೆ. ಅದು ಹೌದೋ, ಅಲ್ಲವೋ? ಇಲ್ಲಿ ಹುಟ್ಟಿದ ಮಗುವಿಗೂ ಅದು 'ಆಯ್ತು' ಎಂದು ಗೊತ್ತು. ಹೊರಗಿನಿಂದ ಬಂದವರು 'ಇಲ್ಲ' ಎಂದುಕೊಂಡು ಬರಿಗೈಯಲ್ಲಿ ವಾಪಸಾಗುತ್ತಾರೆ. ಪ್ಲಂಬರ್ "ನಾಳೆ ಬರ್ತೀನಿ" ಎಂದರೆ ಅದು ನಾಳೆಯೇ ಆಗಬೇಕೆಂದಿಲ್ಲ. ಮನೆ ಮಾಲೀಕರು "ನೋಡೋಣ" ಎಂದರೆ ಬಹುಮಟ್ಟಿಗೆ ನೋಡುವುದಿಲ್ಲ ಎಂದೇ ಅರ್ಥ. ಎದುರು ಮನೆ ಅಜ್ಜಿ "ಊಟ ಆಯ್ತೇನಮ್ಮಾ?" ಎಂದರೆ ಊಟಕ್ಕೆ ಕರೆದಂತಲ್ಲ, ಕ್ಷೇಮ ವಿಚಾರಿಸಿದಂತೆ. "ಹೋಗ್ಬಿಟ್ಟು ಬರ್ತೀನಿ" ಎಂದು ಹೊರಟವರಿಗಾಗಿ ಸಂಜೆ ತನಕ ಕಾದು ಕೂರಬಾರದು. ಬೋಣಿ ಹೊತ್ತಿನಲ್ಲಿ ಎಡಗೈಯಿಂದ ದುಡ್ಡು ಚಾಚಿದರೆ ಅಂಗಡಿಯವರ ಮುಖ ಏಕೆ ಸಪ್ಪಗಾಗುತ್ತದೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲ.

ಹೂವಿನ ವಿಚಾರ ಇನ್ನೂ ಸ್ವಾರಸ್ಯ. ಮಲ್ಲಿಗೆಯನ್ನು ಮೊಳದ ಲೆಕ್ಕದಲ್ಲಿ ಮಾರುತ್ತಾರೆ. ಮೊಳ ಎಂದರೆ ಎಷ್ಟು? ಮಾರುವವರ ಮೊಣಕೈಯಿಂದ ಬೆರಳ ತುದಿಯವರೆಗೆ. ಉದ್ದ ಕೈಯವರ ಮೊಳ ಒಂದು, ಗಿಡ್ಡ ಕೈಯವರ ಮೊಳ ಇನ್ನೊಂದು. ಕಿಲೋ, ಮೀಟರು ಕಲಿತು ಬಂದವರು ಇದನ್ನು ನೋಡಿ ತಬ್ಬಿಬ್ಬಾದರೆ ಅವರ ತಪ್ಪೇ?

ಇನ್ನು ಬಸ್ಸು. 2023ರ ಜೂನ್ 11ರಿಂದ 'ಶಕ್ತಿ' ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಪರದೇಶದಿಂದ ಬಂದ ವಿದ್ಯಾರ್ಥಿನಿ ನೋಡುತ್ತಾಳೆ: ಅಕ್ಕಪಕ್ಕದವರೆಲ್ಲ ಕಾರ್ಡು ತೋರಿಸಿ ದುಡ್ಡಿಲ್ಲದ ಟಿಕೆಟ್ ಪಡೆಯುತ್ತಾರೆ, ತನ್ನೊಬ್ಬಳ ಹತ್ತಿರ ಮಾತ್ರ ಕಂಡಕ್ಟರ್ ಕಾಸು ಕೇಳುತ್ತಾರೆ. ತನಗೆ ಮೋಸವಾಯಿತೆಂದು ಆಕೆ ಕುದಿಯುತ್ತಾಳೆ. ಅದೇ ಹುಡುಗಿ ಬಸ್ಸಿಳಿದು ಎಳನೀರಿಗೆ ಊರಿನವರಿಗಿಂತ 20 ರೂಪಾಯಿ ಜಾಸ್ತಿ ಕೊಟ್ಟು ನಗುನಗುತ್ತಾ ಥ್ಯಾಂಕ್ಸ್ ಹೇಳಿ ಹೋಗುತ್ತಾಳೆ! ನ್ಯಾಯವಾಗಿ ಕೊಟ್ಟಲ್ಲಿ ಸಿಟ್ಟು, ಮೋಸ ಹೋದಲ್ಲಿ ಧನ್ಯವಾದ. ಕಂಡಕ್ಟರಾಗಲಿ, ಪಕ್ಕದ ಸೀಟಿನ ಅಕ್ಕನಾಗಲಿ ಎರಡು ಮಾತು ಬಿಡಿಸಿ ಹೇಳಿದ್ದರೆ ಮೊದಲನೆಯದು ತಪ್ಪುತ್ತಿತ್ತು. ಎರಡನೆಯದು ತಪ್ಪಿಸುವುದು ಅಂಗಡಿಯವರ ಕೈಯಲ್ಲೇ ಇದೆ.

ಮುಖ ನೋಡಿ ದರ

ಊರಿನವರಿಗೆ ಒಂದು ದರ, ಬಣ್ಣ ಬೇರೆ ಇದ್ದವರಿಗೆ ಇನ್ನೊಂದು ದರ ಎನ್ನುವುದು ಎಲ್ಲ ಅಂಗಡಿಗಳ ಕಥೆಯಲ್ಲ. ಹಲವರು ತಲೆಮಾರಿನಿಂದ ಒಂದೇ ಮಾತಿನ ವ್ಯಾಪಾರ ಮಾಡಿಕೊಂಡು ಬಂದವರು. ಆದರೆ ಹತ್ತರಲ್ಲಿ ಇಬ್ಬರು ಮಾಡಿದ್ದು ಹತ್ತೂ ಜನರ ತಲೆಗೆ ಬರುತ್ತದೆ. ಕೇಳಿದರೆ ಸಮಜಾಯಿಷಿ ಸಿದ್ಧ: "ಅವ್ರಿಗೇನ್ ಸ್ವಾಮಿ, ಡಾಲರ್ ಲೆಕ್ಕ. ಗೌರ್ಮೆಂಟೇ ಟಿಕೆಟ್‌ನಲ್ಲಿ ಎರಡು ದರ ಇಟ್ಟಿಲ್ವಾ?"

ಮಾತು ನಿಜ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಭಾರತೀಯರಿಗೊಂದು ದರ, ವಿದೇಶೀಯರಿಗೆ ಅದರ ಹಲವು ಪಟ್ಟು. ಅದು ಸರಿಯೇ ಎಂಬ ಚರ್ಚೆ ಬೇರೆ. ಆದರೆ ಅಲ್ಲಿ ದರ ಬೋರ್ಡಿನ ಮೇಲಿದೆ, ಎಲ್ಲರಿಗೂ ಕಾಣುತ್ತದೆ, ಬೇಡವಾದವರು ಹಿಂದಿರುಗಬಹುದು. ಅಂಗಡಿಯ ದರ ಬೋರ್ಡಿನ ಮೇಲಿಲ್ಲ, ಗಿರಾಕಿಯ ಮುಖದ ಮೇಲಿದೆ. ಪೊಟ್ಟಣದ ಸಾಮಾನಿಗೆ ಅಚ್ಚಾದ ಗರಿಷ್ಠ ಬೆಲೆಗಿಂತ ಒಂದು ರೂಪಾಯಿ ಹೆಚ್ಚು ತೆಗೆದುಕೊಂಡರೂ 2009ರ ಕಾನೂನುಬದ್ಧ ಮಾಪನ ಕಾಯ್ದೆಯಡಿ ತಪ್ಪು. ತರಕಾರಿಗೆ, ಎಳನೀರಿಗೆ, ಹೂವಿಗೆ ಅಚ್ಚಿನ ಬೆಲೆಯಿಲ್ಲ. ಅಲ್ಲಿ ಇರುವುದು ವ್ಯಾಪಾರಿಯ ಮಾತೊಂದೇ. ಮಾತಿಗಿಂತ ದೊಡ್ಡ ಬೋರ್ಡು ಯಾವ ಅಂಗಡಿಗಿದೆ?

ಮೇಲಾಗಿ ಎಲ್ಲರೂ ಡಾಲರ್ ತಂದವರಲ್ಲ. 2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನ್ ಕೈವಶವಾದಾಗ ಮೈಸೂರಿನಲ್ಲಿ ಓದುತ್ತಿದ್ದ ಆಫ್ಘನ್ ವಿದ್ಯಾರ್ಥಿಗಳು ಊರಿನ ಕಡೆಯ ಸುದ್ದಿಗಾಗಿ ಕಂಗಾಲಾಗಿ ಫೋನ್ ಹಿಡಿದು ಕೂತಿದ್ದರು, ವೀಸಾ ಮುಗಿದರೆ ಗತಿಯೇನೆಂದು ಚಿಂತಿಸುತ್ತಿದ್ದರು. ಅಂಥವರ ಹತ್ತಿರವೂ ಡಾಲರ್ ಲೆಕ್ಕವೇ?

ಈಚೆಗೆ ಹೊಸ ಪೇಚಾಟವೊಂದು ಸೇರಿಕೊಂಡಿದೆ. "ಚಿಲ್ಲರೆ ಇಲ್ಲ, ಸ್ಕ್ಯಾನ್ ಮಾಡಿ" ಎನ್ನುವುದು ಎಲ್ಲೆಲ್ಲೂ ಕೇಳುವ ಮಾತು. ಇಲ್ಲಿನ ಬ್ಯಾಂಕ್ ಖಾತೆ ಇನ್ನೂ ಆಗದ ಹೊಸಬರು ಏನು ಸ್ಕ್ಯಾನ್ ಮಾಡಬೇಕು? ರಿಸರ್ವ್ ಬ್ಯಾಂಕು 2023ರ ಫೆಬ್ರವರಿಯಲ್ಲಿ ಹೊರಗಿನಿಂದ ಬರುವವರಿಗೂ ಯುಪಿಐ ಬಾಗಿಲು ತೆರೆಯಿತು, ಸರಿ. ಆದರೆ ಮೊದಲು ತೆರೆದದ್ದು ಜಿ-20 ದೇಶಗಳವರಿಗೆ, ಆಯ್ದ ವಿಮಾನ ನಿಲ್ದಾಣಗಳಲ್ಲಿ. ಯೆಮೆನ್, ಆಫ್ಘಾನಿಸ್ತಾನ ಜಿ-20 ದೇಶಗಳಲ್ಲ. ಹಾಗಾಗಿ 500ರ ನೋಟು ಹಿಡಿದು ಅರ್ಧ ಲೀಟರ್ ಹಾಲಿಗೆ ನಾಲ್ಕು ಅಂಗಡಿ ಅಲೆಯುವ ಹುಡುಗನನ್ನು ಕಂಡರೆ ಗಲ್ಲಾಪೆಟ್ಟಿಗೆಯಲ್ಲಿ ಒಂದಿಷ್ಟು ಚಿಲ್ಲರೆ ಹುಡುಕುವುದು ದೊಡ್ಡ ಉಪಕಾರವೇನಲ್ಲ, ವ್ಯಾಪಾರ ಧರ್ಮ.

"ಮನೆ ಖಾಲಿ ಇಲ್ಲ"

ಇಪ್ಪತ್ತು ರೂಪಾಯಿ ಹೋದರೆ ಹೋಗಲಿ. ತಲೆಯ ಮೇಲೊಂದು ಸೂರು ಸಿಗದಿದ್ದರೆ? ಗೇಟಿನ ಮೇಲೆ 'ಮನೆ ಬಾಡಿಗೆಗೆ ಇದೆ' ಎಂಬ ಬೋರ್ಡು ತೂಗುತ್ತಿರುತ್ತದೆ. ಬಿಳಿ ಬಣ್ಣದವರು ಬಂದು ಕೇಳಿದರೆ ಬಾಡಿಗೆ ಒಂದೂವರೆ ಪಟ್ಟು. ಕಪ್ಪು ಬಣ್ಣದವರು ಬಂದು ಕೇಳಿದರೆ "ನೆನ್ನೆ ತಾನೇ ಕೊಟ್ಬಿಟ್ವಿ." ಬೋರ್ಡು ಮಾತ್ರ ಮರುದಿನವೂ ಅಲ್ಲೇ ತೂಗುತ್ತಿರುತ್ತದೆ!

"ಪೊಲೀಸು, ಕಾಗದ ಪತ್ರ ಎಲ್ಲ ತಲೆನೋವು" ಎನ್ನುವ ಮಾಲೀಕರಿದ್ದಾರೆ. ತಲೆನೋವು ಅಷ್ಟೇನೂ ದೊಡ್ಡದಲ್ಲ. ವಿದೇಶೀಯರು ಬಂದಿಳಿದ 24 ಗಂಟೆಯೊಳಗೆ ಮನೆಯವರು ಸರ್ಕಾರಕ್ಕೆ ವಿವರ ತಿಳಿಸಬೇಕು. ಜನ 'ಸಿ ಫಾರಂ' ಎಂದು ಕರೆಯುತ್ತಾ ಬಂದದ್ದು ಇದನ್ನೇ, ಈಗ ಕಂಪ್ಯೂಟರಿನಲ್ಲೇ ಮುಗಿಯುತ್ತದೆ. ಇದನ್ನು ಮಾಡದೆ, ಕೈಚೀಟಿಯೂ ಕೊಡದೆ, ಅಡ್ವಾನ್ಸ್ ಮಾತ್ರ ಎಣಿಸಿಕೊಳ್ಳುವವರಿಂದ ಕಷ್ಟಕ್ಕೆ ಬೀಳುವವರು ಹೊಸಬರೇ. ವಾಸದ ದಾಖಲೆ ಇಲ್ಲದಿದ್ದರೆ ಅವರ ನೋಂದಣಿಗೂ ತೊಡಕು, ಬ್ಯಾಂಕಿಗೂ ತೊಡಕು.

ಕನ್ನಡದಲ್ಲಿ 'ಪರದೇಶಿ' ಎಂದರೆ ಬೇರೆ ದೇಶದವನು. ದಿಕ್ಕುದೆಸೆ ಇಲ್ಲದವನು ಎಂದೂ ಅರ್ಥ. ಮೊದಲನೆಯ ಅರ್ಥದಲ್ಲಿ ಬಂದವರನ್ನು ಎರಡನೆಯ ಅರ್ಥದ ಪರದೇಶಿಗಳನ್ನಾಗಿ ಮಾಡುವುದು ಯಾವ ಊರಿಗೂ ಶೋಭೆಯಲ್ಲ.

ಇದು ಎಲ್ಲಿಗೆ ಹೋಗಿ ಮುಟ್ಟಬಹುದೆಂಬುದಕ್ಕೆ ರಾಜಧಾನಿಯೇ ಸಾಕ್ಷಿ. 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟದ ಬಳಿ ಸುಡಾನ್ ದೇಶದ ವಿದ್ಯಾರ್ಥಿಯೊಬ್ಬನ ಕಾರು ಬಡಿದು ಮಹಿಳೆಯೊಬ್ಬರು ಪ್ರಾಣ ಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಆ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಎರಗಿತು, ಕಾರು ಸುಟ್ಟಿತು. ಆ ಅಪಘಾತಕ್ಕೂ ಆಕೆಗೂ ಸಂಬಂಧವೇ ಇರಲಿಲ್ಲ. ದೇಶ ಬೇರೆ, ಕಾರು ಬೇರೆ. ಒಂದೇ ಆಗಿದ್ದದ್ದು ಚರ್ಮದ ಬಣ್ಣ. ಜೀವ ಉಳಿಸಿಕೊಳ್ಳಲು ಬಸ್ಸು ಹತ್ತಹೋದ ಆಕೆಯನ್ನು ಬಸ್ಸಿನಲ್ಲಿದ್ದವರೇ ಹೊರಗೆ ತಳ್ಳಿದರೆಂದು ಆಗ ಪತ್ರಿಕೆಗಳಲ್ಲಿ ವರದಿಯಾಯಿತು. 'ಅಡ್ಜಸ್ಟ್' ಎಂದರೆ ಜಾಗ ಬಿಡುವ ಜನರ ಬಸ್ಸು ಅದು!

ಬೈಲಕುಪ್ಪೆಯ ಪಾಠ

ಬೇರೆ ದಾರಿಯೂ ಉಂಟೆನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ಇದೇ ಜಿಲ್ಲೆಯಲ್ಲಿದೆ. 1959ರಲ್ಲಿ ದಲೈಲಾಮಾ ಅವರು ಭಾರತಕ್ಕೆ ಬಂದ ಮೇಲೆ ಹಿಂದೆಯೇ ಬಂದ ನಿರಾಶ್ರಿತರಿಗೆ ಅಂದಿನ ಮೈಸೂರು ರಾಜ್ಯ ಇಲ್ಲಿ ಸುಮಾರು 3,000 ಎಕರೆ ಬಿಟ್ಟುಕೊಟ್ಟಿತು. 1961ರ ಹೊತ್ತಿಗೆ ಶಿಬಿರ ಎದ್ದಿತು. ಹಿಮದ ನಾಡಿನಿಂದ ಬಂದವರಿಗೆ ಸಿಕ್ಕಿದ್ದು ಸೆಕೆ, ಕಾಡು, ಆನೆ ಕಾಟ. ಅವರು ಕಾಡು ಕಡಿದು ಹೊಲ ಮಾಡಿದರು, ಮುಸುಕಿನ ಜೋಳ ಬೆಳೆದರು, ಕನ್ನಡ ಕಲಿತರು. ಸುತ್ತಲಿನ ಹಳ್ಳಿಯವರೂ ಹಾಗೇ ಕೂರಲಿಲ್ಲ. ಅವರ ಹೊಲಗಳಲ್ಲಿ ದುಡಿದರು, ಅವರ ಜೊತೆ ವ್ಯಾಪಾರ ಕುದುರಿಸಿದರು. ತಕರಾರು ಬಂದೇ ಇಲ್ಲವೆಂದಲ್ಲ. ಬಂದವರೂ ಸರಿದರು, ಕೂತವರೂ ಸರಿದರು, ಅಷ್ಟೆ. ಇವತ್ತು ಅಲ್ಲಿನ ಚಿನ್ನದ ದೇವಸ್ಥಾನ ನೋಡಲು ನಾಡಿನೆಲ್ಲೆಡೆಯಿಂದ ಜನ ಬರುತ್ತಾರೆ. ಅವರನ್ನು ನಂಬಿ ಎಷ್ಟೋ ಅಂಗಡಿ, ಆಟೋಗಳು ನಡೆಯುತ್ತಿವೆ.

ಹಾಗೆಂದು ಹೊಸಬರೆಲ್ಲ ಹಾಲಿನಲ್ಲಿ ತೊಳೆದವರು ಎಂದೇನೂ ಅಲ್ಲ. ಹೆಲ್ಮೆಟ್ಟಿಲ್ಲದೆ, ಲೈಸೆನ್ಸಿಲ್ಲದೆ ಸ್ಕೂಟರ್ ಓಡಿಸುವವರಿದ್ದಾರೆ. ನಡುರಾತ್ರಿ ಸಂಗೀತ ಹಾಕಿ ಬೀದಿಯ ನಿದ್ದೆ ಕೆಡಿಸುವವರಿದ್ದಾರೆ. ದೇವಸ್ಥಾನಕ್ಕೆ ಹೇಗೆ ಬರಬೇಕೆಂದು ಕೇಳಿ ತಿಳಿಯದವರಿದ್ದಾರೆ. ಅಂಥವರಿಗೆ ಮುಖಕ್ಕೇ ಹೇಳಬೇಕು. ಕಾನೂನು ಮುರಿದರೆ ಊರಿನವರಿಗೆ ಬೀಳುವ ದಂಡವೇ ಅವರಿಗೂ ಬೀಳಬೇಕು, ಹೆಚ್ಚೂ ಬೇಡ, ಕಡಿಮೆಯೂ ಬೇಡ. ಆದರೆ ನಾಲ್ಕು ಕನ್ನಡ ಮಾತು ಕಲಿಯಲು ಬಾಯಿ ತೆರೆದವರಿಗೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟು, ಆಮೇಲೆ "ಹತ್ತು ವರ್ಷ ಆಯ್ತು, ಕನ್ನಡ ಬರಲ್ಲ" ಎಂದು ದೂರುವುದು ಮಾತ್ರ ವಿಪರ್ಯಾಸ.

ಆಗಬೇಕಾದ್ದೇನು?

ಆಗಬೇಕಾದ್ದು ಬಹಳವಿಲ್ಲ. ಎಳನೀರು, ಹೂವು, ಹಣ್ಣಿನವರು ಒಂದು ಹಲಗೆಯ ಮೇಲೆ ಬಳಪದಲ್ಲಿ ದರ ಬರೆದಿಡಲಿ. ಆಟೋ ಸ್ಟ್ಯಾಂಡುಗಳಲ್ಲಿ ಮೀಟರ್ ದರ ಎಲ್ಲರಿಗೂ ತಿಳಿಯುವಂತೆ ಬರೆಸಲಿ. ಭಾರತೀಯ ಭಾಷಾ ಸಂಸ್ಥಾನ 1969ರಿಂದ ಇದೇ ಊರಿನಲ್ಲಿದೆ, ವಿಶ್ವವಿದ್ಯಾನಿಲಯ ಪಕ್ಕದಲ್ಲೇ ಇದೆ. ಇಬ್ಬರೂ ಕೂಡಿ ಬಸ್ಸು, ಬಾಡಿಗೆ, ನೋಂದಣಿ, 'ಊಟ ಆಯ್ತಾ' ಎಲ್ಲ ವಿವರಿಸುವ ನಾಲ್ಕು ಪುಟದ ಕೈಪಿಡಿಯನ್ನು ಬಂದವರ ಕೈಗಿಟ್ಟರೆ ಖರ್ಚೆಷ್ಟಾದೀತು?

ಈ ಅಂಗಡಿ ಬೀದಿಗಳಲ್ಲೇ ಮಗನನ್ನೋ ಮಗಳನ್ನೋ ಅಮೆರಿಕಕ್ಕೆ, ಜರ್ಮನಿಗೆ ಕಳಿಸಿ, ರಾತ್ರಿ ಫೋನಿಗಾಗಿ ಕಾಯುವ ಯಜಮಾನರಿದ್ದಾರೆ. "ಅಲ್ಲಿ ಪಕ್ಕದ ಮನೆಯವರು ಹೇಗಿದ್ದಾರೆ?" ಎಂದು ಅವರು ಮೊದಲು ಕೇಳುತ್ತಾರೆ. ಅದೇ ಹೊತ್ತಿಗೆ ಬೇರೊಂದು ದೇಶದಲ್ಲಿ ಬೇರೊಬ್ಬ ತಾಯಿ ಮೈಸೂರಿಗೆ ಫೋನ್ ಮಾಡಿ ಅದೇ ಪ್ರಶ್ನೆ ಕೇಳುತ್ತಿರುತ್ತಾಳೆ. ಆಕೆಗೆ ಸಿಗುವ ಉತ್ತರ ಇಲ್ಲಿನ ಅಂಗಡಿಯವರ, ಮನೆ ಮಾಲೀಕರ, ಬಸ್ಸಿನ ಸಹಪ್ರಯಾಣಿಕರ ಕೈಯಲ್ಲಿದೆ.

ಹತ್ತಿದವರು ಕೇಳಿಯಾಗಿದೆ. ಕೂತವರು ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳುವರೇ?