ಡೀನ್ ಕೈಗೆ ಪೊರಕೆ ಕೊಡುವುದು ಸುಧಾರಣೆಯಲ್ಲ

ಆಸ್ಪತ್ರೆಯ ಸಾಧನೆ ಕುಸಿದರೆ ಅದಕ್ಕೆ ಮುಖ್ಯಸ್ಥರ ವರ್ತನೆಯೊಂದೇ ಕಾರಣವೆಂಬ ಅಭಿಪ್ರಾಯವು ಪರಿವರ್ತಕ ನಾಯಕತ್ವವನ್ನು, ಎಂದರೆ ಸಿಬ್ಬಂದಿಯಲ್ಲಿ ಸ್ವಹಿತ ಮೀರಿದ ಧ್ಯೇಯ ಮೂಡಿಸುವ ನಡೆಯನ್ನು, ಅದಕ್ಕೆ ಬೇಕಾದ ಅಧಿಕಾರದಿಂದ ಬೇರ್ಪಡಿಸಿ ನೋಡುತ್ತದೆ. ಮಹಾರಾಷ್ಟ್ರದ ಮರಾಠವಾಡದ ಅನುಭವ ಈ ನೋಟವನ್ನು ಒಪ್ಪುವುದಿಲ್ಲ.

2023ರ ಸೆಪ್ಟೆಂಬರ್ ಅಂತ್ಯದಲ್ಲಿ ನಾಂದೇಡದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ 24 ಗಂಟೆಗಳೊಳಗೆ 12 ಶಿಶುಗಳೂ ಸೇರಿ 24 ರೋಗಿಗಳು ಸತ್ತಾಗ, ಸಂಸದರೊಬ್ಬರು ಕ್ಯಾಮೆರಾಗಳೆದುರೇ ಡೀನ್ ಅವರಿಂದ ಶೌಚಾಲಯ ಶುಚಿ ಮಾಡಿಸಿದರು. ಆದರೆ ಮಂಜೂರಾದ ಹುದ್ದೆಗಳನ್ನು ತುಂಬುವುದು ಡೀನ್ ಅಲ್ಲ, ಸರ್ಕಾರ. ಔಷಧ ಖರೀದಿಯನ್ನು 2017ರಲ್ಲೇ ಮುಂಬಯಿಯ ಹಾಫ್‌ಕಿನ್ ನಿಗಮದಲ್ಲಿ ಕೇಂದ್ರೀಕರಿಸಲಾಗಿತ್ತು, 2023ರಲ್ಲಿ ಅದಕ್ಕೆಂದೇ ಪ್ರತ್ಯೇಕ ಪ್ರಾಧಿಕಾರ ರಚನೆಯಾಯಿತು. ಖರೀದಿಯ ಕೀಲಿಕೈ ರಾಜಧಾನಿಯಲ್ಲಿರುವಾಗ ಹೊಣೆಯನ್ನು ಮಾತ್ರ ಜಿಲ್ಲೆಯ ವೈದ್ಯರ ತಲೆಗೆ ಕಟ್ಟುವುದು ಅನ್ಯಾಯ.

ವರ್ತನೆಗೆ ಬೆಲೆಯೇ ಇಲ್ಲವೆಂದು ಇದರರ್ಥವಲ್ಲ. 2021ರ ಏಪ್ರಿಲ್ 21ರಂದು ನಾಸಿಕದ ಡಾ. ಜಾಕಿರ್ ಹುಸೇನ್ ಮಹಾನಗರ ಪಾಲಿಕೆ ಆಸ್ಪತ್ರೆಯಲ್ಲಿ ಆಮ್ಲಜನಕದ ಟ್ಯಾಂಕ್ ಸೋರಿ ಪೂರೈಕೆ ಕಡಿದು 22 ಕೋವಿಡ್ ರೋಗಿಗಳು ಅಸುನೀಗಿದರು. ಇಂಥ ಅಪಾಯವನ್ನು ಮೊದಲೇ ಗುರುತಿಸಬಲ್ಲವರು ವಾರ್ಡಿನ ದಾದಿಯರು, ತಂತ್ರಜ್ಞರು. ಅವರು ಶಿಕ್ಷೆಯ ಭಯವಿಲ್ಲದೆ ದೋಷವನ್ನು ವರದಿ ಮಾಡುವ ವಾತಾವರಣವನ್ನು, ಅಂದರೆ ಮಾನಸಿಕ ಸುರಕ್ಷತೆಯನ್ನು, ಕಟ್ಟುವುದೇ ನಾಯಕರ ನಿಜವಾದ ಕೆಲಸ. ಡೀನ್‌ಗೇ ಬಹಿರಂಗ ಅವಮಾನವಾಗುವ ಕಡೆ ಕಿರಿಯ ದಾದಿ ಬಾಯಿ ತೆರೆಯುವಳೇ?

ನಾಯಕತ್ವವನ್ನು ಅಳೆಯಹೊರಡುವವರು ಮೊದಲು ಡೀನ್‌ಗಳಿಗೆ ತುರ್ತು ಖರೀದಿಯ ಮತ್ತು ನೇಮಕಾತಿಯ ಅಧಿಕಾರ ಕೊಡಿಸಲಿ.