ರಾಜನ ಯಾಚ್, ರಾಣಿಯ ಬರಿಗಾಲು

ಯಾಚ್ ಅಂದ ಕೂಡಲೇ ನೆನಪಾಗುವುದು ಇನ್‌ಸ್ಟಾಗ್ರಾಂನಲ್ಲಿ ಸೆಲೆಬ್ರಿಟಿಗಳು ಹಾಕುವ ಫೋಟೋ, ಅಲ್ವಾ? ಈ ಶೋಕಿಗೆ ಮುನ್ನೂರೈವತ್ತು ವರ್ಷಕ್ಕೂ ಹಳೇ ಕಥೆ ಉಂಟು ಮಾರಾಯ್ರೆ.

1660ರಲ್ಲಿ ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ಮರಳಿ ಪಟ್ಟಕ್ಕೆ ಬಂದಾಗ ಆಮ್‌ಸ್ಟರ್‌ಡಾಂ ನಗರದವರು ‘ಮೇರಿ’ ಎಂಬ ಯಾಚ್ ಉಡುಗೊರೆ ಕೊಟ್ಟರು. ರಾಜನಿಗೆ ಹುಚ್ಚೇ ಹಿಡಿಯಿತು. ಮರುವರ್ಷವೇ ತಮ್ಮನ ಜೊತೆ 100 ಪೌಂಡ್ ಪಣ ಕಟ್ಟಿ ಥೇಮ್ಸ್ ನದಿಯಲ್ಲಿ ರೇಸ್ ನಡೆಸಿದ.

ಆದರೆ ಈ ಯಾಚ್‌ಗಳು ಬರೀ ಆಟಿಕೆಯಾಗಿ ಉಳಿಯಲಿಲ್ಲ. ಹಗುರ, ವೇಗ ಜಾಸ್ತಿ. ಹಾಗಾಗಿ ನೌಕಾಪಡೆ ಅವುಗಳಲ್ಲಿ ಸಂದೇಶ ಕಳಿಸಿತು, ಶತ್ರು ಹಡಗುಗಳ ಸುಳಿವು ಹಿಡಿಯಿತು. 1681ರಲ್ಲಿ ಗ್ರೀನ್‌ವಿಲ್ ಕಾಲಿನ್ಸ್ ‘ಮರ್ಲಿನ್’ ಎಂಬ ರಾಜನ ಯಾಚ್ ಹತ್ತಿ ಕರಾವಳಿಯ ಸರ್ವೇಗೆ ಹೊರಟ. ‘ಮೇರಿ’ ಮಾತ್ರ ನೌಕಾಪಡೆಯ ಕೆಲಸದಲ್ಲಿದ್ದಾಗಲೇ 1675ರಲ್ಲಿ ಬಂಡೆಗೆ ಬಡಿದು ಮುಳುಗಿತು.

ಅದೇ ಶತಮಾನದಲ್ಲಿ ನಮ್ಮ ಕಡೆ ಏನಿತ್ತು? ಲಾಯಿಲದಿಂದ ಮೂಡುಬಿದಿರೆ ದೂರವೇನಲ್ಲ. ಅಲ್ಲಿನ ಚೌಟರ ಅರಮನೆಯ ಮರದ ಕಂಬಗಳಲ್ಲಿ ಒಂಬತ್ತು ಹೆಂಗಸರು ಸೇರಿ ಆನೆಯಾಗಿದ್ದಾರೆ, ಐವರು ಸೇರಿ ಕುದುರೆಯಾಗಿದ್ದಾರೆ. ಇದೇ ಚೌಟ ಮನೆತನ ಉಳ್ಳಾಲದ ಬಂದರನ್ನೂ ಆಳುತ್ತಿತ್ತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಮಣೇಲಿನಲ್ಲಿ ಉಳ್ಳಾಲದ ರಾಣಿ ಅಬ್ಬಕ್ಕನನ್ನು ಕಂಡ. ಆಕೆ ಬರಿಗಾಲಲ್ಲಿ, ಸಾದಾ ಹತ್ತಿ ಬಟ್ಟೆಯಲ್ಲಿ ಅಗೆತದ ಕೆಲಸ ನೋಡಲು ನಡೆದು ಹೊರಟಿದ್ದಳು. ಮೇಲೊಂದು ತಾಳೆಗರಿಯ ಕೊಡೆ, ಅಷ್ಟೇ. ಉಡುಪು ನೋಡಿದರೆ ರಾಣಿ ಅನ್ನಿಸಲಿಲ್ಲ, ಮಾತು ಕೇಳಿದ ಮೇಲೆ ಅನ್ನಿಸಿತು ಅಂತ ಅವನು ಬರೆದಿಟ್ಟ.

ಅವಳ ಮನೆತನದ ಬಲ ಇದ್ದದ್ದು ಕಡಲ ಜನರಲ್ಲಿ. ತಮ್ಮ ಪರವಾನಗಿ ಚೀಟಿ ಇಲ್ಲದೆ ಹಡಗು ಹೊರಡಬಾರದು ಅಂತ ಪೋರ್ಚುಗೀಸರು ಹುಕುಂ ಮಾಡಿದ್ದ ಕಾಲ ಅದು. ಆಗ ಮೊಗವೀರರು, ಬ್ಯಾರಿಗಳು ಅಬ್ಬಕ್ಕನ ಪರ ಕಡಲಿಗಿಳಿದರು ಅನ್ನುವ ನೆನಪು ತುಳುನಾಡಲ್ಲಿ ಇವತ್ತಿಗೂ ಉಂಟು. ಅಬ್ಬಕ್ಕ ಹೆಸರಿನ ರಾಣಿಯರು ಒಬ್ಬರಿಗಿಂತ ಹೆಚ್ಚು ಇದ್ದರು ಅನ್ನುತ್ತಾರೆ ಇತಿಹಾಸ ಬಲ್ಲವರು. 2012ರಲ್ಲಿ ಕೋಸ್ಟ್ ಗಾರ್ಡ್ ತನ್ನ ಹೊಸ ಗಸ್ತು ಹಡಗಿಗೆ ‘ರಾಣಿ ಅಬ್ಬಕ್ಕ’ ಅಂತಲೇ ಹೆಸರಿಟ್ಟಿತು.

ಚಾರ್ಲ್ಸನ ಯಾಚ್‌ಗಳ ಹೆಸರು, ತೂಕ, ಪಣದ ದುಡ್ಡು ಎಲ್ಲ ದಾಖಲೆಯಲ್ಲಿ ಸಿಗುತ್ತದೆ. ನಮ್ಮ ದೋಣಿಗಳಿಗೆ ಹುಟ್ಟು ಹಾಕಿದವರ ಹೆಸರನ್ನು ಯಾರೂ ಬರೆದಿಡಲಿಲ್ಲ. ನಿಮ್ಮ ಮನೆಯ ಅಜ್ಜ, ಅಜ್ಜಿಗೆ ಕಡಲಿನ, ಹೊಳೆದೋಣಿಯ ಕಥೆ ಏನಾದರೂ ಗೊತ್ತುಂಟಾ? ಈ ಭಾನುವಾರ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ನಮ್ಮ ದಾಖಲೆ ಅಲ್ಲಿಂದಲೇ ಶುರುವಾಗಬೇಕು.